ಪೊರೆಯ ಕೊಬ್ಬು

ಮೂರು ತಿಂಗಳು ಕೀಮೋ ಕೊಟ್ಟರೂ ಫಿರೋಜಾಳ ಗಡ್ಡೆ ಕರಗಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಗಂಡ ಶರೀಫನಿಗೆ ಡಾಕ್ಟರ್ ಸುಮನಾ ಬಿಡಿಸಿ ಹೇಳಿದರು: "ಪ್ರತಿ ಜೀವಕೋಶಕ್ಕೂ ಸುತ್ತ ಕೊಬ್ಬಿನ ಪೊರೆ ಇರುತ್ತೆ. ಕೆಲವು ಕ್ಯಾನ್ಸರ್ ಕೋಶಗಳು ಆ ಕೊಬ್ಬನ್ನೇ ಬದಲಾಯಿಸ್ಕೊಂಡು ಪೊರೆ ಬಿಗಿ ಮಾಡ್ಕೊಳ್ತವೆ. ಔಷಧಿ ಒಳಗಿಳಿಯಲ್ಲ. ಇಲ್ಲೂ ಹಾಗಾಗಿರಬಹುದು. ತಿಂಗಳು ಬಿಟ್ಟು ಬನ್ನಿ, ಬೇರೆ ಔಷಧಿ ಶುರು ಮಾಡೋಣ."

ಶರೀಫ್ ರಾಮನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ರೇಷ್ಮೆ ನೂಲು ತೆಗೆಯುವವನು. ಗೂಡಿನ ಅಂಟು ಬಿಡದೆ ಎಳೆ ಸಿಗುವುದಿಲ್ಲ. ಬಿಸಿನೀರಲ್ಲಿ ಅಂಟು ಸಡಿಲಿಸಿದರೆ ಎಂಥ ಗೂಡೂ ಬಿಚ್ಚಿಕೊಳ್ಳುತ್ತದೆ. ಡಾಕ್ಟರ ಮಾತು ಅವನ ತಲೆಗೆ ಹೋದದ್ದು ಹಾಗೆಯೇ. ಕೊಬ್ಬು ತಾನೇ ಅಡ್ಡ? ಅದು ಸಿಗದಂತೆ ಮಾಡಿದರಾಯಿತು. ಯಾರನ್ನೂ ಕೇಳಲಿಲ್ಲ. ಅಂದಿನಿಂದ ಫಿರೋಜಾಳ ತಟ್ಟೆಗೆ ತುಪ್ಪ, ಎಣ್ಣೆ, ಮೊಟ್ಟೆ, ಮಟನ್ ಎಲ್ಲ ನಿಂತವು. ಬರೀ ಗಂಜಿ, ಬೇಯಿಸಿದ ಸೋರೆಕಾಯಿ.

"ಏನ್ರೀ, ನನ್ನೂ ಗೂಡು ಅನ್ಕೊಂಡ್ರಾ? ಬೇಯಿಸಿ ನೂಲು ತೆಗೀತೀರಾ?" ಎಂದು ಫಿರೋಜಾ ನಕ್ಕಳು.

"ನಗ್ಬೇಡ ಕಣೇ. ಔಷಧಿಗೆ ದಾರಿ ಮಾಡ್ತಾ ಇವ್ನಿ."

ಹದಿನೈದು ದಿನಕ್ಕೆ ಮಗಳು ಅಸ್ರಾ ಅಡುಗೆಮನೆಯಿಂದ ಕೇಳಿದಳು: "ಅಬ್ಬಾ, ಅಮ್ಮಿ ಬಳೆ ಮೊಳಕೈಗಂಟ ಜಾರ್ತಾವೆ. ಒಸಿ ತುಪ್ಪ ಹಾಕ್ಲಾ?"

"ಹಾಕಿದ್ರೆ ನೋಡು! ನಿಮ್ಮಮ್ಮಿ ಉಳೀಬೇಕೋ ಬ್ಯಾಡ್ವೋ?"

ಅಸ್ರಾ ತುಪ್ಪದ ಡಬ್ಬಿ ಮುಚ್ಚಿಟ್ಟಳು.

ತಿಂಗಳು ಕಳೆದು ಆಸ್ಪತ್ರೆಯ ತೂಕದ ಮೆಷಿನ್ನು ಏಳು ಕೆಜಿ ಕಡಿಮೆ ತೋರಿಸಿತು. ಸುಮನಾ ರಕ್ತದ ರಿಪೋರ್ಟು ಎರಡು ಸಲ ಓದಿದರು.

"ಈ ಮೈಗೆ ಹೊಸ ಔಷಧಿ ಹಾಕೋಕಾಗಲ್ಲ. ತಡೆಯಲ್ಲ. ಊಟ ಯಾಕೆ ಬಿಟ್ರಿ ಫಿರೋಜಾ?"

"ಸೇರ್ತಿರ್ಲಿಲ್ಲ ಡಾಕ್ಟ್ರಮ್ಮಾ," ಎಂದಳು ಫಿರೋಜಾ, ಗಂಡನ ಕಡೆ ನೋಡದೆ. "ಇವ್ರು ತಿನ್ನು ತಿನ್ನು ಅಂತಾನೇ ಇದ್ರು."

ಶರೀಫನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಸುಳ್ಳು ಮೇಡಂ. ನಾನೇ ನಿಲ್ಲಿಸ್ದೆ. ಕೊಬ್ಬು ಅಂದ್ರಲ್ಲ ನೀವು…"

ಸುಮನಾ ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡ; ಬೈಯಲಿಲ್ಲ. "ಆ ಕೋಶಗಳು ಕೊಬ್ಬನ್ನ ತಾವೇ ಮಾಡ್ಕೊಳ್ತವೆ ಶರೀಫ್. ತಟ್ಟೆಯಿಂದ ತೆಗೆದ್ರೆ ಸೊರಗೋದು ಇವರು, ಅವಲ್ಲ. ತಪ್ಪು ನಂದೂ ಇದೆ. ಅರ್ಧ ಹೇಳಿ ಕಳಿಸಿದೆ."

"ಈಗ ತಿನ್ನಿಸ್ತೀನಿ. ತಿಂಗಳು ಸಾಕಾ? ಅಲ್ಲೀಗಂಟ ಗಡ್ಡೆ ಸುಮ್ನಿರ್ತದಾ?"

"ತಿನ್ನಿಸಿ," ಎಂದರು ಸುಮನಾ. ಗಡ್ಡೆಯ ಪ್ರಶ್ನೆಗೆ ಸ್ಕ್ಯಾನಿನ ಚೀಟಿ ಬರೆದುಕೊಟ್ಟರು.

ಹೊರಗೆ ಮೆಟ್ಟಿಲ ಹತ್ತಿರ ಫಿರೋಜಾ ಗೋಡೆ ಹಿಡಿದು ನಿಂತುಬಿಟ್ಟಳು. ಶರೀಫ್ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಗೂಡಿನ ಚೀಲ ಎತ್ತಿದ ಕೂಡಲೇ ಇಷ್ಟೇ ಕೆಜಿ ಎಂದು ಹೇಳಬಲ್ಲ ಕೈಗಳು ಅವು. ಈ ಒಂದು ತಿಂಗಳಲ್ಲಿ ಒಂದು ಸಲವೂ ಅವಳನ್ನು ಎತ್ತಿ ನೋಡಿರಲಿಲ್ಲ.

"ಇಳಿಸ್ರೀ, ಜನ ನೋಡ್ತಾವ್ರೆ."

ಅವನು ಇಳಿಸಲಿಲ್ಲ.