ಬೆನ್ನಲ್ಲಿ ತೆರೆಯುವ ಉಡುಪು

ಹಿತ್ತಿಲ ಬಾಗಿಲನ್ನು ಯಾರೋ ತಟ್ಟಿದರು.

ಕಾಫಿಯ ಲೋಟಗಳಿದ್ದ ತಟ್ಟೆಯನ್ನು ಹಿಡಿದಿದ್ದ ರೊವೆನಾ ನಿಂತಲ್ಲೇ ನಿಂತಳು. ಸಾವಿನ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಅವಳ ತಾಯಿಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ ದಿನದಿಂದ ಮುಂಬಾಗಿಲು ಹಗಲೂ ರಾತ್ರಿ ತೆರೆದೇ ಇತ್ತು. ಬಂದವರು ನೇರವಾಗಿ ಒಳಗೆ ಬರುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಶವ ಕಾಯಲು ಅಂಗಳದಲ್ಲಿ ಇಸ್ಪೀಟು ಆಡುತ್ತ ಕೂರುತ್ತಿದ್ದರು.

ಮತ್ತೆ ತಟ್ಟಿದ ಸದ್ದು. ರೊವೆನಾ ಚಿಲಕ ತೆಗೆದಳು.

ಕತ್ತಲಲ್ಲಿ ನಿಂತಿದ್ದವಳು ತಾಯಿಯ ಹಳೆಯ ಗೆಳತಿ ತೋನ್ಯಾ. ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿಯ ಬಟ್ಟೆಯೊಂದು ಮಡಿಸಿಟ್ಟಿತ್ತು.

"ಒಳಗೆ ಬರಲ್ಲ ಕಣೇ ವೆಂಗ್, ಹೆದರ್ಬೇಡ," ಎಂದಳು ಮುದುಕಿ, ರೊವೆನಾಳನ್ನು ಮುದ್ದಿನ ಹೆಸರಿನಿಂದ ಕರೆದು. "ಇದನ್ನ ನಿಮ್ಮಮ್ಮಂಗೆ ತೊಡಿಸು. ಬೆನ್ನಲ್ಲಿ ತೆರೆಯತ್ತೆ. ಬೊಂಬೆಗೆ ಮಾಡ್ತಿದ್ವಲ್ಲ, ಹಾಗೇ. ತೋಳು ಮಡಚೋದೇ ಬೇಡ."

"ನಾನಾಯ್‌ಗೆ ಆಗ್ಲೇ ತೊಡಿಸಿ ಆಯ್ತು, ಅಲಿಂಗ್ ತೋನ್ಯಾ." ಆ ಊರಲ್ಲಿ ಅಮ್ಮ ನಾನಾಯ್, ಹಿರಿಯ ಹೆಂಗಸು ಅಲಿಂಗ್.

"ನೋಡ್ದೆ, ಕಿಟಕಿಯಿಂದ. ಅಂಗಡಿ ಗೌನು. ಭುಜ ನೋಡಿದ್ಯಾ, ದಿಂಬಿಗೆ ಚೀಲ ಹಾಕಿದ ಹಾಗಿದೆ. ನಿಮ್ಮಮ್ಮ ಲುಮಿಂಗ್ ಬದುಕಿದ್ದಿದ್ರೆ ಅದನ್ನ ಬೊಂಬೆಗೂ ಹಾಕ್ತಿರ್ಲಿಲ್ಲ." ನಗಲು ಹೊರಟ ತೋನ್ಯಾಳಿಗೆ ನಗು ಬರಲಿಲ್ಲ. "ಯಾರು ಮೊದ್ಲು ಹೋದ್ರೆ ಅವರಿಗೆ ಉಳಿದೋಳು ಹೊಲೀಬೇಕು ಅಂತ ನಮ್ಮಿಬ್ರದ್ದೂ ಮಾತಾಗಿತ್ತು. ತೊಡಿಸೋಕೆ ಆಗದಿದ್ರೆ ಮೇಲೆ ಹೊದಿಸಿಬಿಡು. ಅಷ್ಟೇ ಸಾಕು."

"ನೀವು ಹೊಸಿಲು ದಾಟಬಾರ್ದು ಅಂದಿದ್ರು ನಾನಾಯ್. ನಿಮ್ಮ ಕೈಯಿಂದ ಒಂದು ಸೂಜೀನೂ ಈ ಮನೆಗೆ ಬರಬಾರ್ದು ಅಂದಿದ್ರು. ಕೊನೇವರೆಗೂ ಆ ಮಾತು ವಾಪಸ್ ತಗೊಳ್ಲಿಲ್ಲ."

"ಆ ಕೋಟಿನ ಮಾದರಿ ಸಂತೆಗೆ ನಾನು ಕೊಟ್ಟಿಲ್ಲ, ವೆಂಗ್."

"ಹಾಗಾದ್ರೆ ಯಾರು ಕೊಟ್ರು?"

ತೋನ್ಯಾ ಚೀಲವನ್ನು ಮತ್ತೆ ಎದೆಗೊತ್ತಿಕೊಂಡು ತಿರುಗಿದಳು. ರೊವೆನಾ ಹೊಸಿಲಿನ ಈಚೆಗೇ ಉಳಿದಳು. ಸಾವಿನ ಮನೆಯವರು ಬಂದವರನ್ನು ಕಳಿಸಿಕೊಡಲು ಹೊರಗೆ ಕಾಲಿಡಬಾರದು. ಇಟ್ಟರೆ ಸಾವು ಅವರ ಬೆನ್ನು ಹಿಡಿದು ಹೋಗುತ್ತದೆ. ಅಂದು ಆ ಕಟ್ಟಳೆ ಅವಳಿಗೆ ಅನುಕೂಲವೇ ಆಯಿತು.

*

ಮನಿಲಾ ಬಳಿಯ ತಾಯ್ತಾಯ್ ಊರಿಗೆ ಊರೇ ಹೊಲಿಗೆಯಿಂದ ಬದುಕುತ್ತದೆ. ಎಲ್ಲರೂ ಮನುಷ್ಯರಿಗೆ ಹೊಲಿಯುತ್ತಿದ್ದಾಗ, ಇಲುಮಿನಾದಾ ಎಂಬ ಪೂರ್ಣ ಹೆಸರಿನ, ಎಲ್ಲರ ಬಾಯಲ್ಲೂ ಲುಮಿಂಗ್ ಆಗಿದ್ದ ವಿಧವೆ ಮತ್ತು ಅವಳ ಗೆಳತಿ ತೋನ್ಯಾ ಗೇಣಿಗಿಂತ ತುಸು ಎತ್ತರದ ಬೊಂಬೆಗಳಿಗೆ ಹೊಲಿಯುತ್ತಿದ್ದರು. ಪ್ಯಾರಿಸ್ಸಿನಲ್ಲಿ ಮಾಡೆಲ್‌ಗಳು ಹೊಸ ಋತುವಿನ ಉಡುಪು ತೊಟ್ಟು ನಡೆಯುವ ವಾರ ಬಂತೆಂದರೆ ಇಬ್ಬರೂ ರೊವೆನಾಳ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅದರ ಮುಂದೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದರು.

"ನಿಲ್ಸು, ನಿಲ್ಸು! ಆ ತೋಳು ನೋಡೇ."

"ತೋಳಾ ಅದು? ಮೀನಿನ ಬಲೆ. ಒಳಗೆ ಹುಡುಗಿ ಸಿಕ್ಕಿಹಾಕ್ಕೊಂಡಿದ್ದಾಳೆ."

"ಬಲೆನೇ ಇರ್ಲಿ. ಈರುಳ್ಳಿ ಚೀಲದ ಜಾಳಿಗೆ ಇದ್ಯಲ್ಲ, ಅದರಲ್ಲಿ ಆಗತ್ತೆ."

ಉಡುಪಿನ ಅಳತೆಯನ್ನು ಆರರಲ್ಲಿ ಒಂದಕ್ಕೆ ಇಳಿಸಬಹುದು, ಬಟ್ಟೆಯ ದಪ್ಪವನ್ನು ಇಳಿಸಲಾಗದು. ಉಣ್ಣೆಯ ಕೋಟು ಬೊಂಬೆಯ ಮೈಮೇಲೆ ಹಲಗೆಯಂತೆ ನಿಲ್ಲುತ್ತದೆ. ಹೀಗಾಗಿ ಉಣ್ಣೆಯ ಜಾಗಕ್ಕೆ ಗಂಡಸರ ಹಳೆಯ ಕರವಸ್ತ್ರ ಬಂತು, ಚರ್ಮದ ಜಾಗಕ್ಕೆ ಕೊಡೆಯ ಬಟ್ಟೆ. ಬೊಂಬೆಯ ತೋಳು ಮಡಚುವುದೂ ಇಲ್ಲ. ಪ್ಯಾರಿಸ್ಸಿನಲ್ಲಿ ಎದೆಯ ಮೇಲೆ ತೆರೆಯುತ್ತಿದ್ದ ಕೋಟುಗಳೆಲ್ಲ ಲುಮಿಂಗ್‌ಳ ಕೈಯಲ್ಲಿ ಬೆನ್ನಲ್ಲಿ ತೆರೆದವು. ಮುಂದಿನ ಗುಂಡಿಗಳು ಕಾಜಾ ಇಲ್ಲದ ಬರಿಯ ಮಣಿಗಳು. ಬೆನ್ನುದ್ದಕ್ಕೂ ಟಿಚ್ ಬಟನ್‌ಗಳ ಸಾಲು.

ಒಂದು ಮಾದರಿಗೆ ಒಂದೇ ಉಡುಪು ಎಂಬ ಮಾತಿನ ಮೇಲೆ ಅವಳ ವ್ಯಾಪಾರ ನಿಂತಿತ್ತು. ಮನಿಲಾದ, ಸಿಂಗಪುರದ ಬೊಂಬೆ ಸಂಗ್ರಾಹಕರು ಅದಕ್ಕಾಗಿಯೇ ಕಾಯುತ್ತಿದ್ದರು. ಹೊಲಿದು ಮುಗಿದ ಉಡುಪನ್ನು ಲುಮಿಂಗ್ ಬೊಂಬೆಗೆ ತೊಡಿಸಿ, ಎರಡು ಬೆರಳಲ್ಲಿ ಅದರ ಸೊಂಟ ಹಿಡಿದು ಮೇಜಿನ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದಳು. ಬೊಂಬೆಯ ಮೊಣಕಾಲು ಮಡಚದು. ಅದು ಕುಪ್ಪಳಿಸುತ್ತಿತ್ತು. "ಥೂ, ಇದಕ್ಕೆ ನಡಿಗೇನೇ ಬರಲ್ಲ," ಎಂದು ಗೊಣಗಿ ಅವಳು ಅದನ್ನು ಡಬ್ಬಿಗೆ ಹಾಕುತ್ತಿದ್ದಳು.

ಮೂರು ವರ್ಷಗಳ ಹಿಂದೆ ಸಿಂಗಪುರದ ಗಿರಾಕಿಯೊಬ್ಬಳು ತಾಯ್ತಾಯ್ ಸಂತೆಗೆ ಬಂದವಳು ಅಲ್ಲಿಂದಲೇ ಫೋಟೋ ಕಳಿಸಿದಳು. ಲುಮಿಂಗ್ ಬೊಂಬೆಗೆಂದು ಮಾಡಿದ್ದ ಕೋಟು ಹೆಂಗಸರ ಅಳತೆಯಲ್ಲಿ ಸಾಲುಸಾಲಾಗಿ ನೇತಾಡುತ್ತಿತ್ತು. ಪ್ಯಾರಿಸ್ಸನ್ನು ನೋಡಿ ಹೊಲಿದದ್ದಲ್ಲ ಅದು. ಮುಂದಿನ ಗುಂಡಿಗಳಿಗೆ ಕಾಜಾ ಇರಲಿಲ್ಲ, ಬೆನ್ನುದ್ದಕ್ಕೂ ಟಿಚ್ ಬಟನ್ ಇತ್ತು. ಬೊಂಬೆಯ ಉಡುಪನ್ನು ಮುಂದಿಟ್ಟುಕೊಂಡವರು ಮಾತ್ರ ಮಾಡಬಹುದಾದ ತಪ್ಪು.

ಅಂದು ಫೋಟೋ ನೋಡಿದ ಲುಮಿಂಗ್ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗೆಳತಿಯ ಮುಖ ನೋಡದೆ, "ಮಾದರಿ ಮುಟ್ಟೋದು ನಾವಿಬ್ರೇ. ನಾನಂತೂ ಅಲ್ಲ," ಎಂದಳು.

ತೋನ್ಯಾ ಕತ್ತರಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಆಮೇಲೆ ಸಂತೆಯಲ್ಲಿ ಅಂಥ ಉಡುಪು ಕಾಣಿಸಲಿಲ್ಲ. ಊರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಯಾರೂ ತೋನ್ಯಾಳಿಗೆ ಒಂದು ಪರದೆ ಹೊಲಿಯಲೂ ಕೊಡಲಿಲ್ಲ.

*

ಮರುದಿನ ಬೆಳಿಗ್ಗೆ ಶವಸಂಸ್ಕಾರಕ್ಕೆಂದು ಇಗರ್ಜಿಗೆ ಹೊರಡುವ ಮುನ್ನ ಅಡುಗೆಮನೆಯಲ್ಲಿ ಕೋಳಿ ಗಂಜಿ ಬಡಿಸುತ್ತ ಹೆಂಗಸರು ಮಾತಾಡಿಕೊಂಡರು.

"ರಾತ್ರಿ ಆ ತೋನ್ಯಾ ಬಂದಿದ್ಲಂತೆ, ಹಿತ್ಲಿಂದ."

"ಮತ್ತಿನ್ನೇನು, ಮುಂದಿಂದ ಬರೋಕೆ ಮುಖ ಎಲ್ಲಿದೆ?"

"ಅಯ್ಯೋ ಸುಮ್ನಿರು ನೀನು. ಆ ಸಂತೆ ಕೋಟು ನೀನೂ ಎರಡು ತಗೊಂಡಿದ್ದೆ."

"ತಗೊಂಡೆ, ಚೆನ್ನಾಗಿತ್ತು. ಬೆನ್ನಿನ ಗುಂಡಿ ಹಾಕೋಕೆ ಗಂಡನ್ನ ಕರೀಬೇಕಿತ್ತು ಅಷ್ಟೇ. ನಮ್ಮನೇಲಿ ಜಗಳಾನೇ ಕಡಿಮೆ ಆಯ್ತು."

ರೊವೆನಾಳ ಗಂಡ ಆರ್ನೆಲ್ ನಗಲಿಲ್ಲ. ರೊವೆನಾ ಹಗಲೆಲ್ಲ ಔಷಧಿ ಅಂಗಡಿಯ ಕೆಲಸದಲ್ಲಿರುತ್ತಿದ್ದಳು. ಲುಮಿಂಗ್ ಕಾಲು ಸೋತು ಕಿಟಕಿಯ ಬಳಿಯ ಕುರ್ಚಿಗೆ ಅಂಟಿಕೊಂಡ ಮೇಲೆ, ಮಧ್ಯಾಹ್ನ ತಾನು ಬಾಡಿಗೆಗೆ ಓಡಿಸುವ ಟ್ರೈಸಿಕಲ್ ನಿಲ್ಲಿಸಿ ಬಂದು ಅತ್ತೆಗೆ ಉಣ್ಣಿಸುತ್ತಿದ್ದವನು ಅವನು. ಗಿರಾಕಿಗಳಿಗೆ ಉಡುಪುಗಳನ್ನು ರವಾನಿಸುತ್ತಿದ್ದವನೂ ಅವನೇ.

ಸ್ಮಶಾನದ ಗೇಟಿನಾಚೆ ತೋನ್ಯಾ ನಿಂತಿದ್ದಳು. ಅದೇ ಪ್ಲಾಸ್ಟಿಕ್ ಚೀಲ. ಮೆರವಣಿಗೆ ಅವಳನ್ನು ದಾಟಿ ಒಳಗೆ ಹೋಯಿತು. ಶವಪೆಟ್ಟಿಗೆ ಇಡುವ ಗೋಡೆಯ ಗೂಡಿನ ಮುಂದೆ ಕೊನೆಯ ಬಾರಿ ಪೆಟ್ಟಿಗೆ ತೆರೆದರು. ದಿಂಬಿಗೆ ಹಾಕಿದ ಚೀಲದಂತೆ ಉಬ್ಬಿದ್ದ ಭುಜಗಳನ್ನು ರೊವೆನಾ ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಾರಾದರೂ ಗೇಟಿಗೆ ಓಡುತ್ತಿದ್ದರು. ಅವಳು ಹೇಳಲಿಲ್ಲ. ಮುಚ್ಚಳ ಹಾಕಿದರು. ಮೊಳೆಗಳು ಇಳಿದವು. ಪೆಟ್ಟಿಗೆ ಗೂಡಿನೊಳಕ್ಕೆ ಸರಿಯಿತು.

ಜನ ಹೂವಿಡಲು ಸಾಲು ನಿಂತರು. ಸಾಲಿನ ಕೊನೆಯಲ್ಲಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ ಉಳಿದವರಂತೆ ತಲೆ ತಗ್ಗಿಸಿ ಬರಲಿಲ್ಲ. ಗದ್ದ ಎತ್ತಿ, ಕಾಲಿನ ಮುಂದೆ ಕಾಲಿಟ್ಟು, ನಿಧಾನವಾಗಿ ನಡೆದು ಬಂದಳು. ಗೂಡಿನ ಮುಂದೆ ನಿಂತಳು. ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿದಳು.

"ಯಾರಿವ್ಳು? ಇದೇನು ಫ್ಯಾಷನ್ ಶೋನಾ?"

"ಸಂತೇಲಿ ಬಟ್ಟೆ ಕಟಿಂಗ್ ಮಾಡೋ ಜೊವೆಲಿನ್. ತಲೆ ಕೆಟ್ಟಿರಬೇಕು. ಸತ್ತೋರ ಮುಂದೆ ಕುಣೀತಾಳೆ!"

ರೊವೆನಾಳಿಗೆ ಆ ಮಾತುಗಳು ಕೇಳಿಸಲಿಲ್ಲ. ಹುಡುಗಿ ತಿರುಗಿದಾಗ ಅವಳ ಕಪ್ಪು ಉಡುಪಿನ ಬೆನ್ನು ಕಂಡಿತ್ತು. ಕತ್ತಿನಿಂದ ಸೊಂಟದವರೆಗೆ ಟಿಚ್ ಬಟನ್‌ಗಳ ಸಾಲು. ಮುಂದೆ ಕಾಜಾ ಇಲ್ಲದ ಗುಂಡಿಗಳು. ಬಲಭುಜದಿಂದ ಮಾತ್ರ ಇಳಿದ ನೆರಿಗೆ. ಅದೇ ಉಡುಪನ್ನು ಸಾಸಿವೆ ಬಣ್ಣದಲ್ಲಿ, ಗೇಣುದ್ದದ ಅಳತೆಯಲ್ಲಿ ರೊವೆನಾಳ ತಾಯಿ ಕುರ್ಚಿಯಲ್ಲಿ ಕೂತು ಹೊಲಿದದ್ದು ಈಚೆಗೆ, ಕಾಯಿಲೆ ಉಲ್ಬಣಿಸುವ ಮುನ್ನ. ಅದು ಇನ್ನೂ ಮನೆಯ ಡಬ್ಬಿಯಲ್ಲೇ ಇತ್ತು, ಯಾವ ಗಿರಾಕಿಗೂ ಹೋಗಿರಲಿಲ್ಲ.

ತೋನ್ಯಾ ಮನೆಗೆ ಕಾಲಿಡದೆ ಮೂರು ವರ್ಷವಾಗಿತ್ತು.

ಗಾರೆಯವನು ಗೂಡಿನ ಬಾಯಿಗೆ ಮೊದಲ ಸಾಲು ಇಟ್ಟಿಗೆ ಇಡುತ್ತಿದ್ದ.

"ನಿಲ್ಸಿ! ಒಂದು ನಿಮಿಷ ನಿಲ್ಸಿ!" ರೊವೆನಾ ಕೂಗಿದಳು.

"ನಿಲ್ಲಿಸೋಕಾಗಲ್ಲಮ್ಮ," ಎಂದನು ಅವನು. "ಸಿಮೆಂಟು ಕಲಸಿಯಾಗಿದೆ, ಗಟ್ಟಿಯಾಗತ್ತೆ. ಮುಂದಿನ ಹೆಣ ಗೇಟಿಗೆ ಬಂದಿದೆ."

"ಫಾದರ್, ಪೆಟ್ಟಿಗೆ ಇನ್ನೊಂದು ಸಲ ತೆಗೀಬೇಕಿತ್ತು."

"ಆಶೀರ್ವಾದ ಮುಗಿದ ಮೇಲೆ ತೆಗೆಯೋ ಹಾಗಿಲ್ಲ, ಮಗಳೇ," ಎಂದು ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟರು. ದುಃಖಕ್ಕೆ ಹಾಗೆ ಮಾತಾಡುತ್ತಾಳೆಂದು ಎಲ್ಲರೂ ತಿಳಿದರು. ಯಾರೋ ನೀರು ತಂದುಕೊಟ್ಟರು.

ರೊವೆನಾ ಸಮಾಧಿಗಳ ನಡುವೆ ಗೇಟಿಗೆ ಓಡಿದಳು.

"ನೀವಲ್ಲ, ಅಲಿಂಗ್ ತೋನ್ಯಾ. ನೀವಲ್ಲ ಅಂತ ಗೊತ್ತಾಯ್ತು. ಒಳಗೆ ಬನ್ನಿ."

ತೋನ್ಯಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಪೆಟ್ಟಿಗೆ?"

"ಮುಚ್ಚಿಬಿಟ್ರು."

"ಹಾಗಾದ್ರೆ ಇದನ್ನ ಏನು ಮಾಡ್ಲಿ? ಅವಳ ಅಳತೆ. ಬೇರೆ ಯಾರಿಗೂ ಆಗಲ್ಲ." ಅವಳು ಚೀಲದ ಪ್ಲಾಸ್ಟಿಕ್ಕನ್ನು ಹೆಬ್ಬೆರಳಿಂದ ಸವರಿದಳು. "ನಾನಲ್ಲ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತು, ವೆಂಗ್. ಯಾರು ಅಂತ ಕೇಳ್ಕೊಂಡು ಬಾ. ಅವರ ಹೆಸರು ಕೇಳದೆ ನಾನು ಲುಮಿಂಗ್ ಮುಂದೆ ಹೋಗಿ ನಿಲ್ಲಲ್ಲ."

ರೊವೆನಾ ಮರಳಿ ಬಂದಾಗ ಗೂಡು ಪೂರ್ತಿ ಮುಚ್ಚಿತ್ತು. ಜನ ಚದುರತೊಡಗಿದ್ದರು. ಆರ್ನೆಲ್ ಗಾರೆಯವನ ಪಕ್ಕದಲ್ಲಿ ಸಿಮೆಂಟಿನ ಬಕೆಟ್ ಹಿಡಿದು ನಿಂತಿದ್ದ. ಹೆಂಡತಿ ತನ್ನನ್ನೇ ನೋಡುತ್ತಿರುವುದು ಕಂಡು ಕಣ್ಣು ತಗ್ಗಿಸಿದ.

ಅವಳು ಜೊವೆಲಿನ್‌ಳ ರಟ್ಟೆ ಹಿಡಿದಳು.

"ಈ ಮಾದರಿ ನಿಂಗೆ ಯಾರು ಕೊಟ್ರು?"

"ಕದ್ದಿದ್ದಲ್ಲ, ಆತೆ! ದೇವರಾಣೆ," ಬೆದರಿದ ಹುಡುಗಿ ಅವಳನ್ನು ಅಕ್ಕ ಎಂದು ಕರೆದಳು. "ಕೊಟ್ಟೋರು ಒಂದು ಪೆಸೋನೂ ತಗೊಂಡಿಲ್ಲ. ಹೊಲಿದು ಮೈಮೇಲೆ ಹಾಕ್ಕೋ, ನನ್ನ ಮುಂದೆ ನಡೆದು ತೋರ್ಸು ಅಂದ್ರು, ಅಷ್ಟೇ. ಮೊದಲ್ನೇ ಸಲ ನಮ್ಮ ಅಂಗಡಿ ಯಜಮಾನಿ ನೋಡ್ಬಿಟ್ಟು ಸಂತೆಗೆಲ್ಲ ಹೊಲಿಸಿದ್ಲು. ಅದಾದ್ಮೇಲೆ ಕೊಟ್ಟೋರು, ಯಾರಿಗೂ ತೋರಿಸ್ಬೇಡ, ಒಂದೇ ಹೊಲಿ ಅಂದ್ರು. ಪ್ರತಿ ಸಲಾನೂ ಹಾಕ್ಕೊಂಡು ಬಂದು ನಡೀತಿದ್ದೆ."

"ಇವತ್ತು ಯಾಕೆ ನಡೆದೆ?"

"ಇದೊಂದು ಬಾಕಿ ಇತ್ತು."

"ಯಾರು, ಜೊವೆಲಿನ್? ಹೆಸರು ಹೇಳು."

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಆತೆ. ಶಿಲುಬೆ ಮುಟ್ಟಿಸಿ ಮಾತು ತಗೊಂಡಿದ್ದಾರೆ. ಬಾಯಿ ಬಿಡೋ ಹಾಗಿಲ್ಲ."

"ಗೇಟಿನ ಹತ್ರ ಒಬ್ಬಳು ಮುದುಕಿ ನಿಂತಿದ್ದಾಳೆ. ನಾನು ಅವಳಿಗೆ ಏನಂತ ಹೇಳ್ಲಿ?"

ಜೊವೆಲಿನ್ ಗೇಟಿನತ್ತ ನೋಡಿದಳು. ಅವಳ ಕಣ್ಣುಗಳು ತುಂಬಿದವು. ಬಾಯಿ ಬಿಡಲಿಲ್ಲ. ಊರಿನ ಹೆಂಗಸರು ದಾರಿ ತೋರಿಸುವಾಗ ಮಾಡುವಂತೆ ತುಟಿಗಳನ್ನು ಮುಂದೆ ಚಾಚಿ, ರೊವೆನಾಳ ಭುಜದಾಚೆಗೆ ತೋರಿಸಿದಳು.

ರೊವೆನಾ ತಿರುಗಿದಳು. ಅಲ್ಲಿ ಆರ್ನೆಲ್ ನಿಂತಿದ್ದ.

"ಏನು?" ಎಂದನು ಅವನು. ಬಕೆಟ್ ಕೆಳಗಿಟ್ಟು, ದಾರಿಗೆ ಅಡ್ಡವಾದೆನೆಂದುಕೊಂಡು ಪಕ್ಕಕ್ಕೆ ಸರಿದ.

ಹುಡುಗಿಯ ತುಟಿಗಳು ಅವನ ಜೊತೆ ಸರಿಯಲಿಲ್ಲ. ಅವನು ಬಿಟ್ಟುಹೋದ ಜಾಗದತ್ತಲೇ ಚಾಚಿದ್ದವು. ಅಮೃತಶಿಲೆಯ ಫಲಕ ಬರುವವರೆಗೆ ಇರಲೆಂದು ಗಾರೆಯವನು ಅಲ್ಲಿ ಗೂಡಿನ ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಹೆಸರು ಗೀಚುತ್ತಿದ್ದ. ಕೊನೆಯ ಅಕ್ಷರ ಮುಗಿಸಿ ಅವನು ಹಿಂದಕ್ಕೆ ನಿಂತ.

ಇಲುಮಿನಾದಾ.