ಜಡೆಮ್ಮನ ಮೊಳ

ಆನೆ ಬಂದದ್ದು ರಾಗಿಗಾಗಿ. ಜೀರಹಳ್ಳಿ ಕಾಡಂಚಿನ ಪೋಡಿನಲ್ಲಿ ಸೋಲಿಗರ ಹನ್ನೆರಡು ಗುಡಿಸಲುಗಳಿದ್ದವು. ಅಷ್ಟರಲ್ಲಿ ಜಡೆಮ್ಮನ ಮನೆಯಲ್ಲೇ ರಾಗಿ ಇದೆಯೆಂದು ಅದಕ್ಕೆ ಹೇಗೆ ತಿಳಿಯಿತೋ, ಹಿಂಬದಿಯ ಗೋಡೆ ಕಿತ್ತು, ಎರಡು ಮಡಕೆ ರಾಗಿ ತಿಂದು, ಯಾರ ಮೇಲೂ ಸಿಟ್ಟಿಲ್ಲದೆ ಹೊರಟುಹೋಯಿತು. ಗೋಡೆ ಹೋದ ಮೇಲೆ ಸೂರೂ ಕೂತುಕೊಂಡಿತು. ಜಡೆಮ್ಮನಿಗೂ ಆನೆಯ ಮೇಲೆ ಸಿಟ್ಟು ಬರಲಿಲ್ಲ. “ಅದ್ಕೂ ಒಟ್ಟೆ ಅದಲ್ಲ” ಎಂದಳು.

ಹಿಂದೆಲ್ಲ ಇದು ಮೂರು ದಿನದ ಕೆಲಸ. ಬಿದಿರು ಕಡಿಯುವುದು, ತಡಿಕೆ ಹೆಣೆಯುವುದು, ಮಣ್ಣು ಮೆತ್ತುವುದು, ಹುಲ್ಲು ಹೊದಿಸುವುದು. ಈಗ ಹಾಗಿಲ್ಲ. ಬಿದಿರು ಮುಟ್ಟಬೇಕಾದರೆ ಪಂಚಾಯತಿಯ ಅನುಮತಿ ಚೀಟಿ ತೋರಿಸು ಎಂದ ಫಾರೆಸ್ಟ್ ಗಾರ್ಡು. ಪಂಚಾಯತಿಗೆ ಹೋದರೆ, ಮನೆ ಕಟ್ಟಲು ಅನುಮತಿ ಕೊಡುವುದನ್ನು ನಿಲ್ಲಿಸಿದ್ದೇವೆ ಎಂದರು. ಸುತ್ತಿನ ಮೂರು ಪಂಚಾಯತಿಗಳಿಗೂ ಒಂದೇ ಕಟ್ಟಡ ಕಾನೂನು ಬರಲಿದೆ. ಮೂರೂ ಊರಿನವರು ಒಂದೇ ಮಾತಿನಲ್ಲಿ ಒಪ್ಪಿ ತೀರ್ಮಾನ ಬರೆದುಕೊಡುವ ತನಕ ಯಾರೂ ಒಂದು ಗೂಟವನ್ನೂ ನೆಡುವಂತಿಲ್ಲ.

“ಯಾವಾಗ ಒಪ್ತರೆ ಬುದ್ದಿ?” ಎಂದು ಕೇಳಿದಳು ಜಡೆಮ್ಮ.

“ಮೂರೂರಿನೋರು ಒಂದೇ ಮಾತ್ಗೆ ಯಾವತ್ತು ಒಪ್ಪವ್ರೆ, ನೀನೇ ಏಳು” ಎಂದ ಅಲ್ಲಿದ್ದವನು.

ಅವಳ ಮಗಳು ಪುಟ್ಟಮಾದಿ ಆಗ ಆರು ತಿಂಗಳ ಬಸುರಿ. ಚೊಚ್ಚಲು, ತವರಿನಲ್ಲೇ ಆಗಬೇಕು. ಮಳೆ ಹಿಡಿಯುವ ಹೊತ್ತಿಗೇ ಹೆರಿಗೆಯೂ ಬರುತ್ತದೆ. ತಾಯಿಗೆ ಸೂರಿಲ್ಲದಿದ್ದರೆ ಮಗಳಿಗೆ ತವರೆಲ್ಲಿ? ಜಡೆಮ್ಮ ಒಂದು ಮನು, ಎಂದರೆ ಅರ್ಜಿ, ಬರೆಸಿಕೊಂಡು, ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, ಏಳು ಮೈಲಿ ನಡೆದು ಪಂಚಾಯತಿ ಯೂನಿಯನ್ ಆಫೀಸಿನ ಜಗಲಿಯಲ್ಲಿ ಕುಳಿತಳು.

ಅದು ಎಂಬತ್ತೇಳನೇ ಇಸವಿ. ಹದಿನಾರು ವರ್ಷದ ಮೇಲೆ ನಡೆದ ಪಂಚಾಯತಿ ಎಲೆಕ್ಷನ್ನಿಗೆ ಒಂದು ವರ್ಷವಾಗಿತ್ತು. ಗೆದ್ದ ಅಧ್ಯಕ್ಷರ ಹಾರಗಳು ಒಣಗಿದ್ದರೂ ಗೋಡೆಯಿಂದ ಇಳಿದಿರಲಿಲ್ಲ. ಹುಣಸೆಮಾಳದ ಕೆಂಪಯ್ಯ ಆರಡಿ ಆಳು, ಮೇಲೆ ರುಮಾಲು. ಕೆಂಗಲ್ಲಪುರದ ರಾಚಪ್ಪ ಕುಳ್ಳಗೆ, ದಪ್ಪಗೆ ಇದ್ದ. ಕೆಂಪಯ್ಯನ ಮಗಳನ್ನು ರಾಚಪ್ಪನ ಮಗನಿಗೆ ಕೊಟ್ಟಿದ್ದರಿಂದ ಇಬ್ಬರೂ ಬೀಗರು. ಜಗಳಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಮೂರನೆಯವನು ಬಿದರಗಾವಲಿನ ಚಿಕ್ಕಸಿದ್ದಯ್ಯ, ಜಡೆಮ್ಮನ ಪೋಡು ಅವನ ಪಂಚಾಯತಿಗೆ ಸೇರಿದ್ದು. ಯಾರು ಕೊನೆಯಲ್ಲಿ ಮಾತಾಡಿದರೋ ಅವರದೇ ನ್ಯಾಯ ಎಂಬುದು ಅವನ ಧರ್ಮ.

ಇವರನ್ನು ಒಂದು ಮಾಡಲು ಈರೋಡಿನಿಂದ ಬಂದಿದ್ದ ಆಫೀಸರಿಗೆ ಬೆಟ್ಟದ ಚಳಿ ಒಗ್ಗಿರಲಿಲ್ಲ. ಕಾನೂನು ಜಾರಿಯಾದರೆ ಕೆಳಗೆ ವರ್ಗ ಮಾಡಿಕೊಡುತ್ತೇವೆಂದು ಅವರಿಗೆ ಮೇಲಿನವರು ಮಾತು ಕೊಟ್ಟಿದ್ದರು. ಆದ್ದರಿಂದ ಕಾನೂನಿನ ಪುಸ್ತಕದ ಮೇಲೆ ಅವರಿಗೆ ಬಹಳ ಭಕ್ತಿ.

ಮೊದಲ ಸಭೆಯಲ್ಲಿ ಗುಮಾಸ್ತ ಶಾಂತಮಲ್ಲಪ್ಪ ತಮಿಳಿನ ನಿಯಮಗಳನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದ. ಅವನು ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವವನು. ನಿಯಮವೂ ಅದೇ ರಾಗದಲ್ಲಿ ಬಂತು. “ಬಾಗಿಲು ಎರಡು ಮೀಟರ್ ಎತ್ತರಕ್ಕೆ ಕಡಿಮೆ ಇಲ್ಲದಂತೆ...” ಎಂದು ಎಳೆದ. ಕೇಳಿದವರೆಲ್ಲ “ಹ್ಞೂಂ” ಎಂದರು. “ರಸ್ತೆಯ ಕಡೆಗೆ ಕಿಟಕಿ ಒಂದು ತಪ್ಪದಂತೆ...” “ಹ್ಞೂಂ.” “ಕಡಲ ಅಲೆಯಿಂದ ಐನೂರು ಅಡಿ ದೂರವಿರುವಂತೆ...” “ಹ್ಞೂಂ.” ಹೀಗೆ ಅರವತ್ತೆರಡು ನಿಯಮ ಮುಗಿದವು. ಜಗಲಿಯಲ್ಲಿದ್ದ ಜಡೆಮ್ಮನೂ ಕೈಮುಗಿದು ಹ್ಞೂಂಗುಟ್ಟಿದಳು. ಆಫೀಸರ ಕಣ್ಣು ತುಂಬಿ ಬಂತು. ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಬರೆದು, ಸಹಿಗೆ ಪೆನ್ನು ಮುಂದೆ ಹಿಡಿದರು.

“ಯಾತಕ್ಕೆ ಬುದ್ದಿ?” ಎಂದ ಕೆಂಪಯ್ಯ.

“ಒಪ್ಪಿದಿರಲ್ಲ? ಅರವತ್ತೆರಡು ಸಲ ಹ್ಞೂಂ ಅಂದಿರಿ!”

“ಓದ್ತಾ ಇದ್ರೆ ಊಂ ಅನ್ನದೆ ಇರಕಾಯ್ತದ? ನಿದ್ದೆ ಮಾಡ್ತಾ ಇಲ್ಲ ಅಂತ ತಿಳೀಬೇಕಲ್ಲ ಓದೋರ್ಗೆ. ಒಪ್ಪೋದು ಬ್ಯಾರೆ.”

ಶಾಂತಮಲ್ಲಪ್ಪ ತಲೆ ತಗ್ಗಿಸಿ, ಅದು ನಿಜವೇ ಎಂದು ಒಪ್ಪಿಕೊಂಡ. ಕಡಲಿನ ಮಾತೆತ್ತಿ ರಾಚಪ್ಪ, “ಅಳತೆ ಮಾಡ್ಕೊಂಡು ಒಂಟ್ರೆ ಯಾವ ಹಬ್ಬಕ್ಕೆ ವಾಪಸ್ ಬತ್ತೀವಿ?” ಎಂದು ಕೇಳಿದ. ಸಭೆ ಮುಂದಕ್ಕೆ ಹೋಯಿತು.

ಎರಡನೆಯ ಸಭೆಗೆ ಆಫೀಸರು ಉಕ್ಕಿನ ಟೇಪು ತಂದರು. ಡಬ್ಬಿಯಿಂದ ಎಳೆದು, ಮೇಜಿನ ಮೇಲೆ ಹಾಸಿ, ಇನ್ನು ಮೇಲೆ ಇದೇ ಅಳತೆ ಎಂದರು. ಬಿಟ್ಟ ಕೂಡಲೆ ಅದು ಸರ್ರನೆ ಡಬ್ಬಿಗೆ ಓಡಿತು. ಮೂವರು ಅಧ್ಯಕ್ಷರೂ ಅದನ್ನು ನೋಡಿದರು.

“ಈ ಟೇಪು ಯಾರ ಕೈ?” ಎಂದ ರಾಚಪ್ಪ.

ಆಫೀಸರಿಗೆ ಅರ್ಥವಾಗಲಿಲ್ಲ. ಶಾಂತಮಲ್ಲಪ್ಪ ಮೆಲ್ಲಗೆ ವಿವರಿಸಿದ. ಇಲ್ಲಿ ಮನೆಯನ್ನು ಅಳೆಯುವುದು ಮೊಳದಲ್ಲಿ, ಅದೂ ಮನೆಯ ಯಜಮಾನನ ಮೊಳದಲ್ಲಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಅವನ ಕೈ ಎಷ್ಟೋ ಅವನ ಮನೆ ಅಷ್ಟು. ಬೇರೆಯವರ ಕೈಯಲ್ಲಿ ಅಳೆದರೆ ಆಯ ಕೆಡುತ್ತದೆ. ಆಯ ಕೆಟ್ಟ ಮನೆಯಲ್ಲಿ ದನ ಉಳಿಯುವುದಿಲ್ಲ, ಮಾತು ನಡೆಯುವುದಿಲ್ಲ.

“ಇದು ಸರ್ಕಾರದ ಕೈ ಎಂದು ಹೇಳಿ” ಎಂದರು ಆಫೀಸರು.

“ಸರ್ಕಾರದ ಕೈ ಎಷ್ಟುದ್ದ ಅಂತ ನಮ್ಗೂ ಗೊತ್ತು” ಎಂದ ಕೆಂಪಯ್ಯ. “ಆ ಕೈಲಿ ಅಳೆದ ಮನೇಲಿ ಯಾರಾದ್ರೂ ಮನಗಕ್ಕಾಯ್ತದ? ಎಳದ್ರೆ ಬತ್ತದೆ, ಬುಟ್ರೆ ಓಡೋಯ್ತದೆ. ಬೀಗರ ಮಾತಿದ್ದಂಗದೆ.”

“ನಮ್ಮ ಮಾತಾದ್ರೂ ಎಳದ್ರೆ ಬತ್ತದೆ” ಎಂದ ರಾಚಪ್ಪ. “ನಿಮ್ಮದು ಎಳದ್ರೂ ಬರಾಕಿಲ್ಲ.”

“ಇಬ್ರುದೂ ನ್ಯಾಯವೇ” ಎಂದ ಚಿಕ್ಕಸಿದ್ದಯ್ಯ.

ಜಡೆಮ್ಮ ಜಗಲಿಯಿಂದ ಎದ್ದು, ಮನುವಿನ ಗಂಟು ಬಿಚ್ಚಿ, ಬಾಗಿಲ ಬಳಿ ನಿಂತಳು. “ಬುದ್ದಿ, ನನ್ನ ಗುಡ್ಲು...”

“ಇರಮ್ಮಿ, ಕಾನೂನು ಆಗ್ತಾ ಅದೆ” ಎಂದ ಕೆಂಪಯ್ಯ.

“ಆಯ್ತು ಬುದ್ದಿ. ಒಂದೇ ಮಾತು. ರಸ್ತೆ ಕಡೀಕ್ಕೆ ಕಿಟಕಿ ಅಂದ್ರಲ್ಲ, ಅದು ನಮ್ಗೋ ಆನೆಗೋ?”

ಆಫೀಸರು ಪುಸ್ತಕ ತಿರುವಿ ನೋಡಿದರು. ಆನೆಯ ಬಗ್ಗೆ ಏನೂ ಇರಲಿಲ್ಲ.

ಅಲ್ಲಿಂದ ಮುಂದೆ ಆಫೀಸರು ಸೋತರು. ಮೀಟರನ್ನು ಬಿಟ್ಟು ಮೊಳಕ್ಕೆ ಒಪ್ಪಿಕೊಂಡರು. ಬಾಗಿಲು ನಾಲ್ಕೂವರೆ ಮೊಳ, ಕಿಟಕಿ ಒಂದು ಮೊಳ ಎಂದು ಶಾಂತಮಲ್ಲಪ್ಪ ಹೊಸದಾಗಿ ಬರೆದ. ಆದರೆ ಮೂರು ಊರಿಗೂ ಅಳತೆ ಒಂದೇ ಇರಬೇಕೆಂಬುದು ಮೇಲಿನ ಆಜ್ಞೆ. ಅದನ್ನು ಮಾತ್ರ ಬಿಡುವಂತಿರಲಿಲ್ಲ. ಮೊಳ ಸರಿ, ಆದರೆ ಯಾವುದಾದರೂ ಒಂದೇ ಕೈ ಆಗಬೇಕು.

ಮೂರನೆಯ ಸಭೆಯಲ್ಲಿ ಕೆಂಪಯ್ಯ ತೋಳು ಮಡಿಸಿ ಮೇಜಿನ ಮೇಲೆ ಇಟ್ಟ. ಅದರ ಪಕ್ಕ ರಾಚಪ್ಪನೂ ಇಟ್ಟ. ನಾಲ್ಕು ಬೆರಳಿನ ವ್ಯತ್ಯಾಸವಿತ್ತು.

“ಉದ್ದ ಇರೋದೇ ಅಳತೆ” ಎಂದ ಕೆಂಪಯ್ಯ.

“ನಿನ್ನ ಕೈಲಿ ಅಳೆದ ಮನೇಲಿ ನಾ ಉಣ್ಣಬೇಕಾ? ನಾಳೆ ನನ್ನ ಮೊಮ್ಮಗ ಯಾರ್ದು ಈ ಬಾಗ್ಲು ಅಂದ್ರೆ ನಿನ್ನ ಎಸ್ರು ಏಳ್ಬೇಕಾ?”

“ಅಂವ ನನ್ಗೂ ಮೊಮ್ಮಗನೇ ಕಣಾ. ಏಳ್ಲಿ ಬುಡು!”

ತೋಳುಗಳು ಮೇಜಿನ ಮೇಲಿಂದ ಎದ್ದು ಒಬ್ಬರ ಅಂಗಿಗೆ ಒಬ್ಬರದು ಹೋಗುವುದರಲ್ಲಿದ್ದವು. ಶಾಂತಮಲ್ಲಪ್ಪ ನಡುವೆ ಪುಸ್ತಕ ಹಿಡಿದ. ಚಿಕ್ಕಸಿದ್ದಯ್ಯನ ಕೈ ಆಗಬಹುದೇ ಎಂದು ಆಫೀಸರು ಕೇಳಿದರೆ, ಬೀಗರಿಬ್ಬರೂ ಆ ವರ್ಷದಲ್ಲಿ ಮೊದಲ ಬಾರಿಗೆ ಒಂದಾಗಿ ಬೇಡ ಎಂದರು.

ಅಷ್ಟರಲ್ಲಿ ವೈಶಾಖ ಕಳೆಯುತ್ತ ಬಂದಿತ್ತು. ಬೆಟ್ಟದ ನೆತ್ತಿಗೆ ಮೋಡ ಬಂದು ಕೂರುತ್ತಿತ್ತು. ಪುಟ್ಟಮಾದಿ ಗಂಡನ ಪೋಡಿನಿಂದ ಬಂದು, ಸೂರಿಲ್ಲದ್ದನ್ನು ಕಂಡು, ಚಿಕ್ಕಮ್ಮನ ಮನೆಯ ಮೂಲೆಯಲ್ಲಿ ಮಲಗುತ್ತಿದ್ದಳು. ಆ ಮನೆಯಲ್ಲಿ ಆಗಲೇ ಒಂಬತ್ತು ಜನ. ಜಡೆಮ್ಮ ನಾಲ್ಕನೆಯ ಸಭೆಗೂ ನಡೆದು ಬಂದಳು. ಮನುವಿನ ಕಾಗದ ಗಂಟಿನ ಬೆವರಿಗೆ ಮಡಿಕೆಯಲ್ಲಿ ಹರಿದಿತ್ತು.

ಆ ದಿನ ಆಫೀಸರಿಗೆ ಶೀತ. ಮೂಗು ಒರೆಸುತ್ತ, “ಯಾವ ಪಕ್ಷಕ್ಕೂ ಸೇರದ, ಯಾರಿಗೂ ಬೀಗರಲ್ಲದ, ಯಾರ ಮೇಲೂ ಜಗಳವಿಲ್ಲದ ಒಂದು ಕೈ ಈ ಬೆಟ್ಟದಲ್ಲಿ ಇಲ್ಲವೇ?” ಎಂದು ಕೇಳಿದರು.

ಮೂವರೂ ತಂತಮ್ಮ ತೋಳು ನೋಡಿಕೊಂಡರು. ಅಷ್ಟರಲ್ಲಿ ಬಾಗಿಲ ಸಂದಿನಿಂದ ಒಂದು ಕೈ, ಹರಿದ ಕಾಗದ ಹಿಡಿದು, ಒಳಗೆ ಚಾಚಿಕೊಂಡಿತು.

“ಬುದ್ದಿ, ನನ್ನ ಮನು...”

ಎಲ್ಲರೂ ಆ ಕೈಯನ್ನು ನೋಡಿದರು. ಸಣ್ಣ ಕೈ. ಕೆಂಪಯ್ಯನಿಗೆ ರಾಚಪ್ಪನ ಮುಂದೆ ಸೋಲುವುದು ಸಾವು. ಜಡೆಮ್ಮನ ಮುಂದೆ ಸೋತರೆ ಅದು ಸೋಲೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ರಾಚಪ್ಪನಿಗೂ ಹಾಗೇ ಕಂಡಿತು. ಅರ್ಧ ಗಳಿಗೆಯಲ್ಲಿ ತೀರ್ಮಾನ ಬರೆದು ಮೂವರೂ ಸಹಿ ಹಾಕಿದರು: ಮೂರು ಪಂಚಾಯತಿಗಳ ಎಲ್ಲ ಕಟ್ಟಡಗಳಿಗೂ ಪೋಡಿನ ಜಡೆಮ್ಮನ ಮೊಳವೇ ಮೊಳ. ಅವಳ ಕೈಗೆ ಅನುಮತಿ ಚೀಟಿಯೂ ಅಲ್ಲೇ ಸಿಕ್ಕಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಮನೆ ಕಟ್ಟಲು ಮಾತ್ರ ಅವಳಿಗೆ ದಿನ ಸಿಗಲಿಲ್ಲ. ನಿಂತುಹೋಗಿದ್ದ ಕಟ್ಟಡಗಳೆಲ್ಲ ಒಟ್ಟಿಗೆ ಎದ್ದವು. ಸೋಮವಾರ ಕೆಂಪಯ್ಯನ ಕೊಟ್ಟಿಗೆಗೆ ಅವಳ ಕೈ ಬೇಕು. ಮಂಗಳವಾರ ರಾಚಪ್ಪನ ಮಹಡಿಗೆ. ಬುಧವಾರ ಗೆಟ್ಟವಾಡಿ ದಾರಿಯ ಯಾವುದೋ ಟೀ ಅಂಗಡಿಗೆ. ಅವಳ ಮೊಳಕ್ಕೆ ಒಂದು ಕೋಲು ಕಡಿದು ಇಟ್ಟುಕೊಳ್ಳೋಣವೆಂದು ಶಾಂತಮಲ್ಲಪ್ಪ ಹೇಳಿ ನೋಡಿದ. “ಕೋಲು ಯಾರ ಮನೇಲಿರ್ಬೇಕು?” ಎಂದು ರಾಚಪ್ಪ ಕೇಳಿದ. ಕೋಲಿನ ಮಾತು ಅಲ್ಲಿಗೇ ನಿಂತಿತು. ಕೆಂಪಯ್ಯ ಅವಳನ್ನು ಗಾಡಿಯಲ್ಲಿ ಕರೆತಂದರೆ, ರಾಚಪ್ಪ ಜೀಪು ಕಳಿಸಿದ. ಎಲ್ಲ ಕಡೆಯೂ ಕಾಫಿ ಕೊಟ್ಟರು, ಜಗಲಿಯ ಹೊರಗೆ.

“ಬುದ್ದಿ, ಎಲ್ಡು ದಿನ ಬುಡಿ, ಗುಡ್ಲು ಆಕ್ಕಂಡು ಬತ್ತೀನಿ” ಎಂದು ಕೇಳಿದರೆ, “ನೀ ಒಂಟೋದ್ರೆ ಕಾನೂನೇ ಒಂಟೋದಂಗೆ ಕಣಮ್ಮಿ” ಎನ್ನುತ್ತಿದ್ದರು.

ಮೊದಲ ಹನಿ ಬಿದ್ದ ದಿನ ಅವಳು ರಾಚಪ್ಪನ ಮಹಡಿಯ ಬಾಗಿಲಿನ ಮುಂದೆ ನಿಂತಿದ್ದಳು. ಬಡಗಿಯವನು ದಾರ ಹಿಡಿದು ಕಾಯುತ್ತಿದ್ದ. ಜಡೆಮ್ಮ ಕೈ ಎತ್ತಿದಳು. ಮಣಿಕಟ್ಟು ಒಳಕ್ಕೆ ಬಾಗಿತ್ತು. ಬೆರಳುಗಳು ಅಂಗೈಗೆ ಮಡಚಿಕೊಂಡಿದ್ದವು.

“ಕೈ ನೀಡು” ಎಂದ ಬಡಗಿ.

“ನೀಟಾಗಕಿಲ್ಲ ಕಣಪ್ಪ. ಇಡ್ಕಬುಟ್ಟದೆ.”

“ಇದೇನಮ್ಮಿ, ನೆನ್ನೆ ಚೆನ್ನಾಗಿತ್ತಲ್ಲ?” ಎಂದ ರಾಚಪ್ಪ.

“ಥಂಡಿ ಬುದ್ದಿ. ಮ್ಯಾಲೆ ಸೂರಿಲ್ಲ ನೋಡಿ. ಬೆಚ್ಚಗಿದ್ರೆ ಬುಟ್ಕಂಡಾತು.”

ಅಳತೆಯೇ ಹಿಡಿದುಕೊಂಡಿದೆ ಎಂಬ ಸುದ್ದಿ ಮೂರು ಊರಿಗೂ ಹಬ್ಬಿತು. ಎಣ್ಣೆ ತಿಕ್ಕಿಸಿದರು, ಸೊಪ್ಪು ಕಟ್ಟಿಸಿದರು. ಆಸ್ಪತ್ರೆಯವರು ನೋಡಿ, ಬೆಚ್ಚಗಿರಬೇಕು ಎಂದು ಅವಳು ಹೇಳಿದ್ದನ್ನೇ ಚೀಟಿಯಲ್ಲಿ ಬರೆದುಕೊಟ್ಟರು. ಅರ್ಧಕ್ಕೆ ನಿಂತ ಗೋಡೆಗಳ ಮೇಲೆ ಮಳೆ ಬೀಳುತ್ತಿತ್ತು. ಕೊನೆಗೆ ಕೆಂಪಯ್ಯ ನಾಲ್ಕು ಆಳು ಕಳಿಸಿದ. ಬೀಗರು ನಾಲ್ಕು ಕಳಿಸಿದರೆಂದು ರಾಚಪ್ಪ ಆರು ಕಳಿಸಿದ. ಚಿಕ್ಕಸಿದ್ದಯ್ಯ ತಾನೇ ಬಂದು ನಿಂತು, ಎಲ್ಲರೂ ಸರಿಯಾಗಿ ಮಾಡುತ್ತಿದ್ದಾರೆ ಎಂದ. ಬಿದಿರು ಬಂತು, ಹುಲ್ಲು ಬಂತು.

ಬಾಗಿಲು ಇಡುವಾಗ ಬಡಗಿ ನಿಂತ. “ಯಾವ ಮೊಳ? ಕೈ ಇಡ್ಕಂಡದೆಯಲ್ಲ.”

“ಕಾನೂನಲ್ಲಿ ನನ್ನ ಕೈ ಅಂತ ಬರ್ದದ, ನೀಟಾಗಿರೋ ಕೈ ಅಂತ ಬರ್ದದ?” ಎಂದಳು ಜಡೆಮ್ಮ.

ಶಾಂತಮಲ್ಲಪ್ಪ ತೀರ್ಮಾನದ ಪ್ರತಿ ತೆಗೆದು, ರಾಗವಿಲ್ಲದೆ, ಎರಡು ಸಲ ಓದಿ ನೋಡಿದ. ನೀಟಾಗಿರುವುದೆಂದು ಬರೆದಿರಲಿಲ್ಲ. ಮಡಚಿದ ಬೆರಳಿನ ಗೆಣ್ಣಿನವರೆಗೆ ಅಳೆದು ನಾಲ್ಕೂವರೆ ಮೊಳದ ಬಾಗಿಲಿಟ್ಟರು. ಅದು ಅವಳ ಅಜ್ಜಿಯ ಮನೆಯ ಬಾಗಿಲಿನಷ್ಟೇ ಆಯಿತು. ಒಳಗೆ ಬರುವವರು ನಡುಗಂಬದ ದೇವರಿಗೆ ತಲೆಬಾಗಿಯೇ ಬರಬೇಕು. ಕಿಟಕಿಯನ್ನು ಒಂದು ಮೊಳ ಮಾಡಿ, ಸೂರಿಗೆ ಹತ್ತಿಸಿ ಇಟ್ಟರು. ಆ ಸಂದಿನಲ್ಲಿ ಸೊಂಡಿಲು ತೂರಬಹುದು, ಆದರೆ ರಾಗಿಯ ಮಡಕೆ ಅದಕ್ಕೆ ಎಟುಕುವುದಿಲ್ಲ.

ಹನ್ನೆರಡು ದಿನ ಕಳೆದು ಆಫೀಸರು ತಪಾಸಣೆಗೆ ಬಂದರು. ಏಕರೂಪ ಕಾನೂನಿನಂತೆ ಪೂರ್ತಿಯಾದ ಮೊದಲ ಮನೆ. ವರದಿ ಕಳಿಸಿದರೆ ವರ್ಗ. ಹಿಂದೆ ಮೂವರು ಅಧ್ಯಕ್ಷರು. ಯಾರು ಮೊದಲು ಒಳಗೆ ಹೋಗಬೇಕೆಂದು ಬೀಗರು ನೋಡಿಕೊಂಡರು. ಜೋರು ಮಳೆ ಬಂದದ್ದರಿಂದ ಇಬ್ಬರೂ ಒಟ್ಟಿಗೆ ಬಗ್ಗಿದರು. ಕೆಂಪಯ್ಯನ ರುಮಾಲು ಬಾಗಿಲಿಗೆ ಸಿಕ್ಕಿ ಹೊರಗೇ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲು ತಿರುಗಲಾರದೆ ಒಳಗೇ ಸರಿದ.

ಒಲೆಯ ಪಕ್ಕ ಪುಟ್ಟಮಾದಿ ಮಲಗಿದ್ದಳು. ಜಡೆಮ್ಮ ಆರು ದಿನದ ಮಗುವನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ಎಲ್ಲರಿಗೂ ಜಾಗ ಸಾಲದೆ ಮಂಡಿ ಮಡಿಸಿ ಕುಳಿತರು. ಮಳೆ ಹುಲ್ಲಿನ ಮೇಲೆ ಸುರಿಯುತ್ತಿತ್ತು. ಒಂದು ಹನಿಯೂ ಒಳಗೆ ಬರಲಿಲ್ಲ. ಆಫೀಸರು ಬಾಗಿಲು ಇದೆ, ಕಿಟಕಿ ಇದೆ, ಕಡಲು ದೂರ ಇದೆ ಎಂದು ಬರೆದುಕೊಂಡರು.

ರಾಚಪ್ಪ ಸ್ವಲ್ಪ ಹೊತ್ತು ಮಗುವನ್ನು ನೋಡಿ, ಆಮೇಲೆ ಅದನ್ನು ಹಿಡಿದಿದ್ದ ಕೈಯನ್ನು ನೋಡಿದ. “ಈಗ ಬೆಚ್ಚಗದೆಯಲ್ಲಮ್ಮಿ. ಕೈ ನೀಟಾಗ್ಲಿಲ್ವಾ? ನನ್ನ ಮಹಡಿ ನೆನೀತಾ ಅದೆ.”

“ಎಂಗಾದಾತು ಬುದ್ದಿ” ಎಂದಳು ಜಡೆಮ್ಮ. “ಮಗೀನ ಎತ್ಕಳಕ್ಕೆ ಮಡಚಿದ ಕೈಯೇ ಬೇಕಲ್ಲ.”

“ಹ್ಞೂಂ” ಎಂದ ಚಿಕ್ಕಸಿದ್ದಯ್ಯ.