ಮೇಲಿನದು ಮೇಲಿನವರಿಗೆ

ಒಂದೇ ಮನೆಗೆ ಎರಡು ನೀರಿನ ಮೀಟರು ಹಾಕಿಸಲೇಬೇಕೆಂದು ಹಟ ಹಿಡಿದವಳು ಹಿರಿಯಾಕೆ. ಮನೆ ಅಣ್ಣತಮ್ಮ ಇಬ್ಬರದು. ಕೆಳಗೆ ಅಣ್ಣ ಮತ್ತು ಅವನ ಹೆಂಡತಿ, ಅವಳೇ ಈ ಹಿರಿಯಾಕೆ. ಮೇಲೆ ತಮ್ಮ, ಅವನ ಹೆಂಡತಿ, ಐದು ವರ್ಷದ ಮಗಳು. ಅಣ್ಣನದು ಬೀಗ ರಿಪೇರಿಯ ಅಂಗಡಿ, ತಮ್ಮ ಬಸ್ ಡ್ರೈವರ್, ಮೇಲಿನ ಕಿರಿಯಾಕೆ ಆಸ್ಪತ್ರೆಯಲ್ಲಿ ನರ್ಸು. ಇಷ್ಟೇ ಸಂಸಾರ. ಇಷ್ಟರೊಳಗೇ ನೀರು ಬೆಂಕಿ ಹಚ್ಚಿತು ನೋಡಿ.

ಮೊದಲು ಗೇಟಿನ ಬಳಿ ಒಂದೇ ಮೀಟರಿತ್ತು. ಬಿಲ್ಲು ಬಂದಾಗ ಅಣ್ಣ ಅರ್ಧ, ತಮ್ಮ ಅರ್ಧ ಕೊಡುತ್ತಿದ್ದರು. ಬಿಲ್ಲು ಏರುತ್ತ ಹೋದಂತೆ ಹಿರಿಯಾಕೆಯ ಕಿವಿ ಚುರುಕಾಯಿತು. ಮೇಲೆ ನಲ್ಲಿ ತಿರುಗಿಸಿದರೆ ಕೆಳಗಿನ ಅಡಿಗೆಮನೆಯ ಗೋಡೆಯೊಳಗೆ ಪೈಪು ಗೊರಗೊರ ಅನ್ನುತ್ತಿತ್ತು. “ಕೇಳಿ, ಕೇಳಿ, ಮಹಾರಾಣಿಯ ಒಗೆತ ಶುರುವಾಯ್ತು!” ಎಂದು ಗಂಡನಿಗೆ ಹೇಳುತ್ತಿದ್ದಳು. ಕಿರಿಯಾಕೆ ಆಸ್ಪತ್ರೆಯಿಂದ ಬಂದವಳೇ ಯೂನಿಫಾರ್ಮು ನೆನೆಹಾಕುತ್ತಿದ್ದುದು ನಿಜ. ಆದರೆ ಹಿರಿಯಾಕೆ ದಿನಾ ಬೆಳಿಗ್ಗೆ ಪೈಪು ಹಿಡಿದು ಗೇಟಿನಿಂದ ಹಿತ್ತಲಿನವರೆಗೆ ಸಿಮೆಂಟಿನ ಅಂಗಳವನ್ನು ಫಳಫಳ ತೊಳೆಯುತ್ತಿದ್ದಳಲ್ಲ, ಅದು? ಅದು ಲೆಕ್ಕಕ್ಕಿಲ್ಲ. ನಲ್ಲಿ ಬಿಟ್ಟುಕೊಂಡೇ ಒಂದೊಂದು ಪಾತ್ರೆಯನ್ನೂ ಉಜ್ಜುತ್ತಿದ್ದಳಲ್ಲ, ಅದು? ಅದೂ ಲೆಕ್ಕಕ್ಕಿಲ್ಲ. ಅವಳ ಪ್ರಕಾರ ತಾನು ಬಳಸಿದ್ದು ಶುಚಿ, ಮೇಲಿನವಳು ಬಳಸಿದ್ದು ಪೋಲು.

“ಅವರವರ ನೀರು, ಅವರವರ ಮೀಟರು. ಆಗ ಗೊತ್ತಾಗುತ್ತೆ ಯಾರ ಬಂಡವಾಳ ಏನು ಅಂತ,” ಎಂದು ಕೈತೊಳೆದುಕೊಂಡು ಗಂಡನ ಬೆನ್ನು ಹತ್ತಿದಳು. ಅವನು ಕೆಲವು ದಿನ ಕಿವುಡನಂತಿದ್ದು, ಕೊನೆಗೆ ತಲೆಚಿಟ್ಟು ಹಿಡಿದು ಪ್ಲಂಬರನ್ನು ಕರೆತಂದ. ಪ್ಲಂಬರು ಬೀದಿಯ ಪೈಪಿನಿಂದ ಎರಡು ಕವಲು ತೆಗೆದು, ಗೇಟಿನ ಪಕ್ಕದ ಗೋಡೆಗೆ ಎರಡು ಮೀಟರುಗಳನ್ನು ಒಂದರ ಮೇಲೊಂದು ಕೂರಿಸಿ ಹೋದ. ಮರುದಿನ ನೀರಿನ ಆಫೀಸಿನವನು ಬಂದು ಸೀಲು ಹಾಕಿ, “ಅಮ್ಮಾ, ಇವೆರಡರಲ್ಲಿ ಯಾವುದು ಯಾರ ಮನೇದು?” ಎಂದು ಕೇಳಿದ. ಆ ಹೊತ್ತಿಗೆ ಮನೆಯಲ್ಲಿದ್ದವಳು ಹಿರಿಯಾಕೆ ಒಬ್ಬಳೇ.

“ಕಣ್ಣು ಕಾಣಲ್ವೇನಪ್ಪ? ಮೇಲಿನದು ಮೇಲಿನವರಿಗೆ, ಕೆಳಗಿನದು ಕೆಳಗಿನವರಿಗೆ. ಇದರಲ್ಲಿ ಕೇಳೋದೇನಿದೆ?”

“ಒಂದ್ಸಲ ನಲ್ಲಿ ಬಿಟ್ಟು ನೋಡೋಣ್ವಾ?”

“ಈ ಬಿಸಿಲಲ್ಲಿ ನಿಂಗೆ ಬೇರೆ ಕೆಲಸ ಇಲ್ವಾ? ಬರ್ಕೋ ಸುಮ್ನೆ,” ಎಂದಳು. ಅವನು ಬರೆದುಕೊಂಡ. ಮೀಟರುಗಳ ಪಕ್ಕ ಬಿಳಿ ಬಣ್ಣದಲ್ಲಿ ‘ಮೇಲೆ’, ‘ಕೆಳಗೆ’ ಎಂದು ಗೀಚಿ ಹೊರಟುಹೋದ.

ಮೊದಲ ಬಿಲ್ಲು ಬಂದ ದಿನ ಹಿರಿಯಾಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಲಿನವರ ಬಿಲ್ಲು ಕೆಳಗಿನವರದರ ಎರಡರಷ್ಟಿತ್ತು! ಎರಡನ್ನೂ ಹಿಡಿದು ಗೇಟಿಗೆ ಬಂದು ಎದುರುಮನೆಯ ಟೀಚರಿಗೆ ತೋರಿಸಿದಳು, ಪಕ್ಕದ ಮನೆಯ ಟೈಲರನ್ನು ಕರೆದು ತೋರಿಸಿದಳು. ಅಷ್ಟರಲ್ಲಿ ಕೆಲಸದಿಂದ ಬಂದ ಕಿರಿಯಾಕೆ ಕಾಗದ ಇಸಿದುಕೊಂಡು ನೋಡಿ ಬೆಪ್ಪಾದಳು.

“ಅಕ್ಕ, ನಾವು ಇಷ್ಟು ಬಳಸಿಲ್ಲ. ನಿಜವಾಗ್ಲೂ. ಎಲ್ಲೋ ಏನೋ ತಪ್ಪಾಗಿದೆ.”

“ಹಾಗಾದ್ರೆ ಮೀಟರ್ ಸುಳ್ಳು ಹೇಳ್ತಿದೆಯಾ, ಇಲ್ಲಾ ನೀನು ಹೇಳ್ತಿದ್ದೀಯಾ?”

ಟೀಚರು ನಕ್ಕರು. ಟೈಲರೂ ನಕ್ಕ. ಕಿರಿಯಾಕೆ ಮೆಟ್ಟಿಲು ಹತ್ತಿಹೋದಳು.

ಅಂದಿನಿಂದ ಮೇಲಿನ ಮನೆಯಲ್ಲಿ ನೀರಿಗೆ ಕೈ ಬಿಗಿಯಾಯಿತು. ತರಕಾರಿ ತೊಳೆದ ನೀರು ಕುಂಡದ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಕಕ್ಕಸಿಗೆ, ಸ್ನಾನಕ್ಕೆ ತಲೆಗೊಂದೇ ಬಕೆಟ್ಟು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳಲು ಕೆಳಗಿಳಿದು ಬಂದ ಹುಡುಗಿ, “ದೊಡ್ಡಮ್ಮಾ, ನಮ್ಮನೇ ನಲ್ಲಿಗೆ ಜ್ವರ ಅಂತೆ, ಮುಟ್ಟಬಾರದಂತೆ,” ಎಂದಳು. ಹಿರಿಯಾಕೆ ಬಿದ್ದುಬಿದ್ದು ನಕ್ಕು ಅವಳನ್ನು ಹಿತ್ತಲಿನ ನಲ್ಲಿಯ ಕೆಳಗೆ ಆಡಲು ಬಿಟ್ಟಳು. “ಇಲ್ಲಿ ಬೇಕಾದಷ್ಟು ಆಡು ಪುಟ್ಟಿ, ನಮ್ಮ ಬಿಲ್ಲು ಚಿಕ್ಕದು.”

ಆ ಹುಡುಗಿ ಎಂದರೆ ಅವಳಿಗೆ ಪ್ರಾಣ. ತನಗೆ ಮಕ್ಕಳಿಲ್ಲ ಎಂಬುದು ಆ ಹುಡುಗಿ ಮಡಿಲಲ್ಲಿರುವಾಗ ಅವಳಿಗೂ ಮರೆತುಹೋಗುತ್ತಿತ್ತು, ಬೀದಿಯವರಿಗೂ ಮರೆತುಹೋಗುತ್ತಿತ್ತು.

ಎರಡನೇ ಬಿಲ್ಲಿನಲ್ಲಿ ಮೇಲಿನವರದು ಇನ್ನೂ ಏರಿತ್ತು, ಕೆಳಗಿನವರದು ಇನ್ನೂ ಇಳಿದಿತ್ತು. ಮೂರನೆಯದರಲ್ಲೂ ಅದೇ ಕಥೆ. ಬಿಲ್ಲು ಇಳಿದಷ್ಟೂ ಹಿರಿಯಾಕೆಗೆ ಧೈರ್ಯ ಬಂತು. ಅಂಗಳವನ್ನು ಎರಡು ಹೊತ್ತು ತೊಳೆದಳು. ಪರದೆ ತೊಳೆದಳು, ಚಾಪೆ ತೊಳೆದಳು, ಗೇಟಿಗೂ ಸ್ನಾನ ಮಾಡಿಸಿದಳು. “ಇನ್ನು ಬೀದಿ ಒಂದು ಬಾಕಿ ಇದೆ, ಅದನ್ನೂ ತೊಳೆದುಬಿಡು,” ಎಂದ ಗಂಡ. ಮೇಲಿನಿಂದ ಮಾತ್ರ ಜಗಳದ ಸದ್ದು ಕೇಳತೊಡಗಿತ್ತು. “ಅಷ್ಟು ನೀರು ಎಲ್ಲಿಗೆ ಹೋಗ್ತಿದೆ, ನೀನೇ ಹೇಳು!” ಎಂದು ಮೈದುನ ಹೆಂಡತಿಯ ಮೇಲೆ ಕೂಗಾಡುತ್ತಿದ್ದ. ಅದು ಕೇಳಿದಾಗೆಲ್ಲ ಹಿರಿಯಾಕೆಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆಗುತ್ತಿತ್ತು ಎಂದಮೇಲೆ ಮುಚ್ಚಿಡುವುದೇನು?

ಆಮೇಲೆ ಕೆಲವು ದಿನ ಜಗಳ ನಿಂತು ಮೇಲೆ ಎಲ್ಲ ತಣ್ಣಗಾಯಿತು. ಒಂದು ಸಂಜೆ ಮೈದುನ ಇಳಿದು ಬಂದು ಬಾಗಿಲಲ್ಲೇ ನಿಂತ. ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆ ಸಿಕ್ಕಿದೆ, ಭಾನುವಾರ ಹೋಗುತ್ತೇವೆ ಎಂದ. ಹಿರಿಯಾಕೆಯ ಖುಷಿ ಅಲ್ಲೇ ಇಂಗಿಹೋಯಿತು.

“ಮಗು?” ಎಂದಳು ಪೆದ್ದುಪೆದ್ದಾಗಿ.

“ಮಗು ನಮ್ಮ ಜೊತೆ ಬರುತ್ತೆ ಅತ್ತಿಗೆ. ಇನ್ನೆಲ್ಲಿಗೆ?”

ಹೋಗಬೇಡಿ ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ತಪ್ಪು ಅವರದು, ತಾನೇಕೆ ಬಗ್ಗಬೇಕು? ಕಿರಿಯಾಕೆ ಒಂದೇ ಒಂದು ಸಲ ಬಂದು “ಇನ್ನು ಮುಂದೆ ನೋಡ್ಕೊಂಡು ಬಳಸ್ತೀನಿ ಅಕ್ಕ” ಅಂದಿದ್ದರೆ ತಾನೇ ಎಲ್ಲವನ್ನೂ ನುಂಗಿಕೊಳ್ಳುತ್ತಿರಲಿಲ್ಲವೇ? ಹೀಗೆಂದುಕೊಂಡು ಬಿಗಿದುಕೊಂಡೇ ಇದ್ದಳು.

ಶನಿವಾರ ಮೇಲಿನವರು ಮೂವರೂ ಹೊಸ ಮನೆ ಗುಡಿಸಿ ಒರೆಸಲು ಹೋದರು. ಹಿರಿಯಾಕೆ ದುಃಖಕ್ಕೋ ಸಿಟ್ಟಿಗೋ ಪೈಪು ಹಿಡಿದು ಅಂಗಳಕ್ಕಿಳಿದಳು. ಗೇಟಿನ ಬಳಿ ಬಂದಾಗ ಕಣ್ಣು ಮೀಟರಿನತ್ತ ಹೋಯಿತು. ‘ಮೇಲೆ’ ಎಂದು ಬರೆದಿದ್ದ ಮೀಟರಿನ ಪುಟ್ಟ ಕೆಂಪು ಚಕ್ರ ಗಿರಗಿರ ತಿರುಗುತ್ತಿತ್ತು. ‘ಕೆಳಗೆ’ ಎಂದು ಬರೆದಿದ್ದ ಮೀಟರು ಗುಮ್ಮನೆ ಕೂತಿತ್ತು.

“ಅಯ್ಯೋ ಇವಳ! ನಲ್ಲಿ ಬಿಟ್ಟೇ ಹೋಗಿದ್ದಾಳಲ್ಲ!”

ಪೈಪಿನ ನೀರು ನಿಲ್ಲಿಸಿ, ದಡದಡ ಮೆಟ್ಟಿಲು ಹತ್ತಿ, ಬೀಗ ಹಾಕಿದ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಒಂದು ಹನಿಯ ಸದ್ದೂ ಇಲ್ಲ. ಇಳಿದು ಬಂದು ನೋಡಿದರೆ ಚಕ್ರ ನಿಂತಿತ್ತು. ಇದೇನಪ್ಪಾ ಎಂದು ಪೈಪಿಗೆ ನೀರು ಬಿಟ್ಟಳು. ‘ಮೇಲೆ’ಯ ಚಕ್ರ ತಿರುಗಿತು. ನಿಲ್ಲಿಸಿದಳು, ಅದೂ ನಿಂತಿತು. ಬಿಟ್ಟಳು, ತಿರುಗಿತು. ಅಡಿಗೆಮನೆಗೆ ಓಡಿ ಅಲ್ಲಿನ ನಲ್ಲಿ ತಿರುಗಿಸಿ ಬಂದಳು. ಆಗಲೂ ತಿರುಗಿದ್ದು ಅದೇ ಚಕ್ರ.

ಗೋಡೆಯ ಪೈಪುಗಳನ್ನು ಬೆರಳಿಟ್ಟು ಹಿಂಬಾಲಿಸಿದಳು. ಮೇಲಿನ ಮೀಟರಿನಿಂದ ಹೊರಟದ್ದು ನೇರ ತನ್ನ ಮನೆಗೆ ಬಂದಿತ್ತು. ಕೆಳಗಿನದರಿಂದ ಹೊರಟದ್ದು ಗೋಡೆ ಹತ್ತಿ ಮೇಲಿನ ಮನೆಗೆ ಹೋಗಿತ್ತು. ಆಫೀಸಿನವನು ನಲ್ಲಿ ಬಿಟ್ಟು ನೋಡೋಣ ಅಂದಾಗ ಬೇಡ ಅಂದವಳು ತಾನೇ. ಹಾಗಾದರೆ ಬೀದಿಗೆಲ್ಲ ತೋರಿಸಿ ಮೆರೆದ ಆ ಚಿಕ್ಕ ಬಿಲ್ಲು ಕಿರಿಯಾಕೆಯದು. ಅಂಗಳ, ಪರದೆ, ಚಾಪೆ, ಗೇಟು ಎಲ್ಲ ಸೇರಿದ ಆ ದೊಡ್ಡ ಬಿಲ್ಲು ತನ್ನದು. ಮೇಲಿನವಳು ಹನಿಹನಿ ಉಳಿಸಿದ್ದು ತನ್ನ ಬಿಲ್ಲನ್ನು ಇಳಿಸಿತ್ತು, ತಾನು ಸುರಿದದ್ದು ಅವಳ ಬಿಲ್ಲನ್ನು ಏರಿಸಿತ್ತು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು ಅವಳಿಗೆ.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಅವರು ಹೋಗುತ್ತಾರೆ, ಅವರ ಜೊತೆ ಈ ಮಾತೂ ಹೋಗುತ್ತದೆ. ಹೇಳಿದರೆ ತನ್ನ ಮರ್ಯಾದೆ ಹೋಗುತ್ತದೆ, ಅವರು ಉಳಿಯಬಹುದು. ಒದ್ದೆ ಅಂಗಳದಲ್ಲೇ ಬಹಳ ಹೊತ್ತು ಕೂತಿದ್ದಳು. ಮರ್ಯಾದೆ ಹಾಳಾಗಿ ಹೋಗಲಿ, ಹುಡುಗಿ ಉಳಿಯಲಿ ಎಂದು ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಎದ್ದಳು.

ಭಾನುವಾರ ಬೆಳಿಗ್ಗೆಯೇ ಸಾಮಾನಿನ ಗಾಡಿ ಬಂತು. ಮಂಚ ಇಳಿಯಿತು, ಬೀರು ಇಳಿಯಿತು. ಹಿರಿಯಾಕೆ ಮೇಲಿನ ಅಡಿಗೆಮನೆಗೆ ಹೋಗಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. “ತಪ್ಪು ನಂದು ಕಣೇ. ಇಷ್ಟು ದಿನ ಕಟ್ಟಿದ ದುಡ್ಡೆಲ್ಲ ವಾಪಸ್ ಕೊಟ್ಬಿಡ್ತೀನಿ.”

ಕಿರಿಯಾಕೆ ಡಬ್ಬಿಗಳನ್ನು ಚೀಲಕ್ಕೆ ತುಂಬುವುದನ್ನು ನಿಲ್ಲಿಸಲಿಲ್ಲ. “ಕೊಡಿ, ಬೇಡ ಅನ್ನಲ್ಲ. ಆದ್ರೆ ಇದು ನಂಗೆ ಗೊತ್ತಿತ್ತು ಅಕ್ಕ.”

“ಗೊತ್ತಿತ್ತಾ?”

“ಹೋದ ತಿಂಗಳು ನಲ್ಲಿಗೆ ವಾಷರ್ ಹಾಕೋಣ ಅಂತ ನಮ್ಮ ಮೀಟರ್ ಪಕ್ಕದ ವಾಲ್ವ್ ಮುಚ್ಚಿದೆ. ನಮ್ಮನೇಲಿ ನೀರು ನಿಲ್ಲಲೇ ಇಲ್ಲ. ಕೆಳಗಿಂದ ನೀವು ಕೂಗಿದ್ರಿ, ನೀರು ಹೋಯ್ತು ಅಂತ.”

“ಅಯ್ಯೋ, ಅವತ್ತೇ ಬಂದು ನಾಲ್ಕು ಬೈಯಬಾರದಿತ್ತಾ? ನಿನ್ನ ಗಂಡನಿಗಾದ್ರೂ ಹೇಳಬಾರದಿತ್ತಾ?”

“ಅವರಿಗೆ ಹೇಳಿದೆ. ಅವತ್ತಿನಿಂದಲೇ ಅವರು ಮನೆ ಹುಡುಕೋಕೆ ಶುರು ಮಾಡಿದ್ದು.” ಚೀಲದ ಬಾಯಿ ಕಟ್ಟಿ ಅವಳು ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು, ಧ್ವನಿ ಮಾತ್ರ ಏರಲಿಲ್ಲ. “ನಿಮಗೆ ಮೊದಲನೇ ದಿನಾನೇ ಹೇಳಿದ್ನಲ್ಲ ಅಕ್ಕ, ನಾವು ಇಷ್ಟು ಬಳಸಿಲ್ಲ ಅಂತ. ನಿನ್ನೆ ಮೀಟರ್ ಹೇಳ್ತು, ನಂಬಿದ್ರಿ. ನಾನು ಹೇಳಿದಾಗ ನಂಬಲಿಲ್ಲ.”

ಹಿರಿಯಾಕೆ ಅವಳ ಕೈ ಹಿಡಿದುಕೊಂಡಳು.

“ಹೋಗಬೇಡ್ವೇ,” ಎಂದಳು. “ಆ ಮಗು ಇಲ್ದೆ ನಾನು ಹೇಗಿರಲಿ?”

“ಅವಳನ್ನ ಕರ್ಕೊಂಡು ಬರ್ತಿರ್ತೀವಿ. ಅಡ್ವಾನ್ಸ್ ಕೊಟ್ಟಾಗಿದೆ ಅಕ್ಕ.”

“ಕೇಳಿದ್ರೆ ವಾಪಸ್ ಕೊಡ್ತಾರೆ.”

“ಕೊಡ್ತಾರೆ. ಕೇಳೋಕೆ ನಂಗೆ ಮನಸ್ಸಿಲ್ಲ.”

ಇಷ್ಟು ಹೇಳಿ ಚೀಲ ಎತ್ತಿಕೊಂಡು ಇಳಿದಳು. ಗಾಡಿಯ ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತಿದ್ದ ಹುಡುಗಿ, “ದೊಡ್ಡಮ್ಮಾ, ನೀನೂ ಹತ್ತು! ಜಾಗ ಇದೆ!” ಎಂದು ಕಿಟಕಿಯಿಂದ ಕೈ ಚಾಚಿದಳು. ಹಿರಿಯಾಕೆ ಆ ಕೈ ಹಿಡಿದು ಗೇಟಿನಿಂದ ಒಂದಿಷ್ಟು ದೂರ ಗಾಡಿಯ ಜೊತೆಗೇ ನಡೆದಳು. ಆಮೇಲೆ ಗಾಡಿ ವೇಗ ಹಿಡಿಯಿತು.

ಎದುರುಮನೆಯ ಟೀಚರು ಗೇಟಿಗೆ ಬಂದು ನಿಂತಿದ್ದರು. “ಯಾಕಂತೆ ಹೋಗಿಬಿಟ್ರು? ನೀರಿನ ಬಿಲ್ಲು ಕಟ್ಟಿ ಸುಸ್ತಾಯ್ತಂತಾ?” ಎಂದು ನಕ್ಕರು.

“ಆ ನೀರು ಅವಳದಲ್ಲ ರೀ, ನಂದು. ಮೂರು ತಿಂಗಳು ನನ್ನ ಬಿಲ್ಲು ಅವಳು ಕಟ್ಟಿದ್ಲು. ನಾನೇ ಅವಳನ್ನ ಸುಳ್ಳಿ ಅಂದೆ.”

ಟೀಚರಿಗೆ ತಲೆಬುಡ ಅರ್ಥವಾಗಲಿಲ್ಲ. “ಏನಂದ್ರಿ?” ಎಂದು ಹತ್ತಿರ ಬಂದರು. ಟೈಲರೂ ಹೊರಗೆ ಬಂದ. ಹಿರಿಯಾಕೆ ನಡುಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳಲು ಶುರುಮಾಡಿದಳು. ಗಾಡಿ ಆಗಲೇ ತಿರುವು ದಾಟಿ ಹೋಗಿತ್ತು.